ಬನ್ನಿ ಹಬ್ಬದ ಕಸುವಂಗಿ

ಗದಗಿನಲ್ಲಿ ಎಪ್ಪತ್ತು ದಾಟಿದವರನ್ನು ಮುದುಕರು ಎನ್ನುವುದನ್ನು ಜನ ಬಿಟ್ಟು ಬಹಳ ಕಾಲವಾಗಿತ್ತು. ಊರ ತುಂಬ ಅವರೇ ಇದ್ದಮೇಲೆ ಯಾರು ಯಾರನ್ನು ಹಾಗೆ ಕರೆಯಬೇಕು? ತೊಂಬತ್ತರ ಮೇಲಿನವರು ಹಿರಿಯರು, ಎಂಬತ್ತರವರು ನಡುವಯಸ್ಸಿನವರು. ಎಪ್ಪತ್ತರವರು ಇನ್ನೂ ಕೈಗೂಸು ಎಂಬ ಲೆಕ್ಕ. ಪೂಜಾ, ರಶ್ಮಿ, ಪಲ್ಲವಿ ಎಂಬ ಚೆಂದದ ಹೆಸರಿನ ಅಜ್ಜಿಯರು ಸಂತೆಯಲ್ಲಿ ಬದನೆಕಾಯಿ ಹಿಸುಕಿ ನೋಡುತ್ತಿದ್ದರೆ, "ಏ ಹುಡುಗಿ, ಸರಿ ಆಕಡೆ" ಎಂದು ಗದರಿಸುವವರೂ ಅಲ್ಲೇ ಇರುತ್ತಿದ್ದರು.

ಊರು ತನ್ನ ವಯಸ್ಸಿಗೆ ತಕ್ಕಂತೆ ಹೊಂದಿಕೊಂಡಿತ್ತು. ನಿದ್ದೆ ಕಡಿಮೆಯವರೇ ಹೆಚ್ಚಾದ್ದರಿಂದ ಕಾಯಿಪಲ್ಲೆ ಸಂತೆ ಕೋಳಿ ಕೂಗುವ ಮೊದಲೇ ತೆರೆಯುತ್ತಿತ್ತು. ಮಕ್ಕಳಿಲ್ಲದ ಸಾಲೆಗಳಲ್ಲಿ ಹಿರಿಯರು ಹಗಲು ಹೊತ್ತು ಕೂಡುತ್ತಿದ್ದರು. ಕರಿಹಲಗೆಯ ಮೇಲೆ ಅವತ್ತಿನ ಗುಳಿಗೆಗಳ ವೇಳೆ ಬರೆದಿರುತ್ತಿತ್ತು. ನಿವೃತ್ತಿ ಎಂಬ ಪದ ಯಾರ ಬಾಯಲ್ಲೂ ಉಳಿದಿರಲಿಲ್ಲ. ಆದರೆ ಒಂದು ತಾಪತ್ರಯಕ್ಕೆ ಮಾತ್ರ ಎಷ್ಟು ತಲೆ ಕೆಡಿಸಿಕೊಂಡರೂ ದಾರಿ ಕಾಣದೆ ಹೋಗಿತ್ತು. ಅದು ಹೆಗಲಿನದು. ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಗಲು ಕೊಡಲು ನಾಲ್ಕು ಗಟ್ಟಿ ಆಳು ಸಿಗುತ್ತಿರಲಿಲ್ಲ. ಬದುಕಿದ್ದವರನ್ನು ಹಾಸಿಗೆಯಿಂದ ಎತ್ತಿ ಬಚ್ಚಲಿಗೆ ಒಯ್ಯಲು ಎರಡು ತೋಳೂ ಸಿಗುತ್ತಿರಲಿಲ್ಲ.

ಆಗ ಬಂದದ್ದು ಕಸುವಂಗಿ. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಊರವರು ಅಂಗಿ ತೊಟ್ಟರೆ ಕಸುವು ಬರುತ್ತದೆಂದು ಕಸುವಂಗಿ ಅಂದರು, ಅದೇ ಉಳಿಯಿತು. ಬೆನ್ನು, ತೊಡೆ, ಮೊಣಕಾಲು, ತೋಳಿನ ಗುಂಟ ಹಾಯುವ ತೆಳು ಪಟ್ಟಿಗಳು. ವಿದ್ಯುತ್ ಹರಿದಾಗ ಅವು ಸ್ನಾಯುವಿನಂತೆ ಕುಗ್ಗುತ್ತವೆ, ನಿಂತಾಗ ಸಡಿಲುತ್ತವೆ. ಕಿವಿಯ ಹಿಂದೆ ಅಂಟಿಸಿದ ಹುರುಳಿ ಕಾಳಿನಷ್ಟು ಗುಂಡಿ ದೇಹದ ಸಮತೋಲ ನೋಡುತ್ತದೆ. ಆದರೆ ಯಾವ ಪಟ್ಟಿ ಯಾವಾಗ ಎಷ್ಟು ಎಳೆಯಬೇಕೆಂಬ ಬುದ್ಧಿ ಅಂಗಿಯಲ್ಲಿರಲಿಲ್ಲ. ಅದು ಊರ ನಡುವಿನ ಸಮತೋಲ ಕೇಂದ್ರದ ಯಂತ್ರದಲ್ಲಿತ್ತು. ತೊಟ್ಟವರು ಬೀಳುತ್ತಾರೆ ಎನಿಸಿದ ತಕ್ಷಣ ಆ ಯಂತ್ರ ಅಂಗಿಯನ್ನು ತೆಂಗಿನ ಚಿಪ್ಪಿನಂತೆ ಬಿಗಿ ಮಾಡುತ್ತಿತ್ತು. ಮನುಷ್ಯ ಹೇಗಿದ್ದನೋ ಹಾಗೇ ನಿಲ್ಲುತ್ತಿದ್ದ, ಎಲುಬು ಮುರಿಯುತ್ತಿರಲಿಲ್ಲ. ಆಮೇಲೆ ಕೇಂದ್ರದಲ್ಲಿ ಕೂತವರು ಆ ಕಿವಿಯ ಗುಂಡಿಯಲ್ಲೇ ಮಾತಾಡಿಸಿ, ನೋಡಿ, ಬಿಗಿ ಬಿಡಿಸಬೇಕು.

ಬೇಸಿಗೆಯಲ್ಲಿ ಅಂಗಿ ಬಂತು, ಊರಿಗೆ ಮತ್ತೆ ಜೀವ ಬಂತು. ಉಳ್ಳಾಗಡ್ಡಿ ಪೇಟೆಯಲ್ಲಿ ಅರವತ್ತೆಂಟರ ಹಮಾಲರು ಚೀಲ ಎತ್ತಿದರು. ಬೆಟಗೇರಿಯಲ್ಲಿ ಎಷ್ಟೋ ವರ್ಷ ಮುಚ್ಚಿದ್ದ ಮಗ್ಗಗಳ ಸದ್ದು ಕೇಳಿಸಿತು. ಕೈಗೆ ಕೆಲಸ ಗೊತ್ತಿತ್ತು, ಸೊಂಟಕ್ಕೆ ಆಗುತ್ತಿರಲಿಲ್ಲ ಅಷ್ಟೇ. ಸತ್ತವರು ಮತ್ತೆ ನಾಲ್ಕು ಹೆಗಲಿನ ಮೇಲೆ ಮರ್ಯಾದೆಯಿಂದ ಹೋದರು.

ಪಲ್ಲವಿ ಅದೇ ಸಮತೋಲ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ವಯಸ್ಸು ಎಪ್ಪತ್ತೆರಡು. ಗಂಡ ಹೋಗಿ ಆರೇಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾಲನಿಯ ಕೆಳಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ಅವಳ ವೈನಿ, ಅಂದರೆ ತೀರಿಹೋದ ಅಣ್ಣನ ಹೆಂಡತಿ, ಇಬ್ಬರೇ. ವೈನಿಗೆ ತೊಂಬತ್ತೊಂದು. ಪಲ್ಲವಿ ಎಂಟು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗಷ್ಟೇ ಮದುವೆಯಾಗಿ ಬಂದಿದ್ದ ವೈನಿ, ಕೈಯ ಅರಿಶಿನ ಇನ್ನೂ ಹೋಗಿರಲಿಲ್ಲ, ಆ ಕೂಸನ್ನು ಸೊಂಟಕ್ಕೆ ಹಾಕಿಕೊಂಡರು. ಅಲ್ಲಿಂದ ಇಳಿಸಿದ್ದು ಸಾಲೆಗೆ ಹೋದಾಗಲೇ ಎಂದು ಓಣಿಯವರು ನಗುತ್ತಿದ್ದರು.

ಈಗ ಪಾಳಿ ಪಲ್ಲವಿಯದು. ಎರಡು ವರ್ಷದ ಹಿಂದೆ ವೈನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾಲಿನಲ್ಲೂ ಶಕ್ತಿಯಿರಲಿಲ್ಲ. ದಿನಾ ಬೆಳಿಗ್ಗೆ ಪಲ್ಲವಿ ಅಂಗಿಯ ಗುಂಡಿ ಹಾಕಿಕೊಂಡು ವೈನಿಯ ಬೆನ್ನಿಗೊಂದು, ಮೊಣಕಾಲ ಕೆಳಗೊಂದು ಕೈ ಕೊಡುತ್ತಿದ್ದಳು.

"ಎತ್ತತೇನ್ರಿ ವೈನಿ. ಕುತ್ತಿಗಿಗೆ ಕೈ ಹಾಕ್ರಿ."

"ಹಾಕೇನಿ. ಗ್ವಾಡಿಗೆ ಬಡಸಬ್ಯಾಡ ಮತ್ತ ನಿನ್ನೆಗತೆ."

"ನಿನ್ನೆ ಬಡಸಿಲ್ರಿ. ನೀವ ಕಾಲು ಚಾಚಿದ್ರಿ."

"ಹೌದವಾ, ತೊಂಬತ್ತೊಂದು ವರ್ಷ ಆತು, ಕಾಲು ಎಲ್ಲಿ ಚಾಚಬೇಕು ಅನ್ನೋದು ಇನ್ನ ತಿಳದಿಲ್ಲ ನನಗ."

ವೈನಿ ಹೀಗೆ ಜಗಳ ತೆಗೆದ ದಿನ ಪಲ್ಲವಿಗೆ ಸಮಾಧಾನ. ಸುಮ್ಮನಿದ್ದ ದಿನವೇ ಭಯ. ಅವರನ್ನು ಎತ್ತಿ ಬಿಸಿಲು ಬೀಳುವ ಕಿಟಕಿಯ ಹತ್ತಿರ ಕೂರಿಸಿದಾಗ, ಅಂಗಿ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದು ದಿನಾ ಒಮ್ಮೆ ಮನಸ್ಸಿನಲ್ಲೇ ಹರಸುತ್ತಿದ್ದಳು.

ಆದರೆ ಅಂಗಿ ಪೂರ್ತಿ ಅವಳದಾಗಿರಲಿಲ್ಲ. ಇಡೀ ಊರಿಗೆ ಅದನ್ನು ಕೊಟ್ಟದ್ದು ಒಂದು ವರ್ಷದ ಪರೀಕ್ಷೆಗೆ. ಕರಾರು ಸರಳವಾಗಿತ್ತು. ಅಂಗಿ ಬಿಗಿದಾಗಲೆಲ್ಲ ಅದು ಒಂದು 'ಪತನ' ಎಂದು ದಾಖಲಾಗುತ್ತದೆ. ಪತನಗಳು ಮಿತಿ ಮೀರಿದರೆ ಈ ಊರಿನ ಎಪ್ಪತ್ತು ದಾಟಿದವರು ಅಂಗಿ ತೊಡುವುದು ಅಪಾಯ ಎಂದಾಗುತ್ತದೆ, ಅವರ ಅಂಗಿಗಳನ್ನು ವಾಪಸು ಪಡೆಯಲಾಗುತ್ತದೆ. ಎತ್ತುವವರಿಲ್ಲದ ಮನೆಯ ಹಿರಿಯರನ್ನು ಸರ್ಕಾರ ಬೇರೆ ಜಿಲ್ಲೆಯ ಪಾಲನಾ ಭವನಕ್ಕೆ ಕರೆದೊಯ್ಯುತ್ತದೆ. ಭವನ ಕೆಟ್ಟದ್ದೇನಲ್ಲ, ಹಾಸಿಗೆ, ಔಷಧ, ಊಟ ಎಲ್ಲ ಉಂಟು. ತಿಂಗಳಿಗೊಮ್ಮೆ ಹೋಗಿ ನೋಡಿಬರಬಹುದು. ತಿಂಗಳಿಗೊಮ್ಮೆ ಎಂಬ ಆ ಮಾತು ನೆನಪಾದಾಗಲೆಲ್ಲ ಪಲ್ಲವಿ ಎದ್ದು ಹೋಗಿ ವೈನಿಯ ಹೊದಿಕೆ ಸರಿಮಾಡುತ್ತಿದ್ದಳು. ಈ ಕರಾರಿನ ಸುದ್ದಿಯನ್ನು ಅವಳು ವೈನಿಯ ಕಿವಿಗೆ ಬೀಳದಂತೆ ನೋಡಿಕೊಂಡಿದ್ದಳು.

ಸಣ್ಣದೊಂದು ತೊಡಕು ಮೊದಲ ವಾರದಲ್ಲೇ ಕಂಡಿತ್ತು. ಅಂಗಿ ತೊಟ್ಟವರು ಯಾರದಾದರೂ ಕಾಲು ಮುಟ್ಟಲು ಬಗ್ಗಿದರೆ ಯಂತ್ರ ಅದನ್ನು ಬೀಳುವುದೆಂದೇ ತಿಳಿಯುತ್ತಿತ್ತು. ಮೊಣಕಾಲು ಮಡಿಸದೆ ತಲೆ ಸರ್ರನೆ ಕೆಳಗೆ ಹೋದರೆ ಅದು ಪಾಪ ಇನ್ನೇನು ತಿಳಿಯಬೇಕು? ಅದಕ್ಕೆ ಕಲಿಸಿದ ದೇಶದಲ್ಲಿ ಯಾರೂ ಯಾರ ಕಾಲನ್ನೂ ಮುಟ್ಟುವುದಿಲ್ಲ. ಅಂಗಿಯ ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಅಂಗಿ ತೊಟ್ಟಾಗ ಬಗ್ಗಿ ನಮಸ್ಕರಿಸಬಾರದು, ಕೈ ಜೋಡಿಸಿದರೆ ಸಾಕು. ಊರವರು ಆಗಲಿ ಎಂದು ತಲೆಯಾಡಿಸಿದರು, ನಾಲ್ಕು ತಿಂಗಳು ಹಾಗೆಯೇ ನಡೆದುಕೊಂಡರು. ಪಲ್ಲವಿಯಂತೂ ಕೇಂದ್ರದ ಕೆಲಸದವಳೇ ನಿಯಮ ಮುರಿಯಬಾರದೆಂದು ವೈನಿಯೆದುರು ಒಮ್ಮೆಯೂ ಬಗ್ಗಿರಲಿಲ್ಲ. ಅದಕ್ಕೂ ಮುಂಚಿನ ಹತ್ತು ವರ್ಷ ಸೊಂಟ ನೋವು ಬಗ್ಗಗೊಟ್ಟಿರಲಿಲ್ಲ.

ಹೀಗಿರುವಾಗ ದಸರೆ ಬಂತು.

ಆ ಕಡೆಯ ಊರುಗಳಲ್ಲಿ ವಿಜಯದಶಮಿಯ ಸಂಜೆ ಬನ್ನಿ ಮುಡಿದು ಬಂದವರು ಮನೆಮನೆಗೆ ಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಮಾತಾಡುತ್ತಾರೆ. ಕೇಂದ್ರದವರು ಮೂರು ದಿನ ಮೊದಲೇ ಸಾರಿದ್ದರು, ಈ ಸಲ ಕೈ ಜೋಡಿಸಿ ಮುಗಿಸಿರಿ ಎಂದು. ಊರು ಮತ್ತೆ ತಲೆಯಾಡಿಸಿತು. ಆದರೆ ಅಂಗಿಯ ದಯೆಯಿಂದ ಎಷ್ಟೋ ವರ್ಷದ ಮೇಲೆ ಸೊಂಟ ಬಗ್ಗುತ್ತಿದೆ, ಎದುರಿಗೆ ತೊಂಬತ್ತೈದರ ದೊಡ್ಡಪ್ಪ ಕೂತಿದ್ದಾನೆ, ಮುಂದಿನ ಬನ್ನಿಗೆ ಅವನಿರುತ್ತಾನೋ ಇಲ್ಲವೋ. ನಾನೊಬ್ಬ ಬಗ್ಗಿದರೆ ಏನು ಮಹಾ ಎಂದು ಪ್ರತಿಯೊಬ್ಬರೂ ಅಂದುಕೊಂಡರು.

ಅಂದು ಸಂಜೆ ಕೇಂದ್ರದಲ್ಲಿ ಪಲ್ಲವಿ ಮತ್ತು ಅವಳ ಜೊತೆಗಾರ ಕಿರಣ ಹೊಸಮನಿ ಪಾಳಿಯಲ್ಲಿದ್ದರು. ಕಿರಣ ಮೊದಲು ಬಸ್ಸಿನ ಕಂಡಕ್ಟರ್ ಆಗಿದ್ದವನು, ಎಂಥ ಗದ್ದಲಕ್ಕೂ ಜಗ್ಗುವವನಲ್ಲ. ಪರೀಕ್ಷೆಯ ನಡುವಿನ ತಪಾಸಣೆಗೆಂದು ಕಂಪನಿಯ ಎಂಜಿನಿಯರ್ ವಿಹಾನ್ ಅರಸ್ ಮೈಸೂರಿನಿಂದ ಬಂದಿದ್ದ. ಐವತ್ತೈದರ ಬೋಳುತಲೆಯ ಮನುಷ್ಯ. ಅವರ ಪಾಲಿಗೆ ಹುಡುಗನೇ.

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಊರಿನ ನಕ್ಷೆ ಇತ್ತು. ಪ್ರತಿ ಅಂಗಿಗೊಂದು ಹಸಿರು ಚುಕ್ಕೆ; ಬಿಗಿದರೆ ಕೆಂಪು. ಹೊತ್ತು ಮುಳುಗುತ್ತಿದ್ದಂತೆ ಬೆಟಗೇರಿಯಲ್ಲಿ ಒಂದು ಕೆಂಪಾಯಿತು. ಆಮೇಲೆ ಹತ್ತು. ಆಮೇಲೆ ಓಣಿಗೆ ಓಣಿಯೇ ಕೆಂಪಾಗಿ, ನೋಡುನೋಡುತ್ತಿದ್ದಂತೆ ಇಡೀ ಗದಗು ಕುಂಕುಮ ಚೆಲ್ಲಿದಂತಾಯಿತು.

"ಏನ್ ಮೇಡಂ ಇದು, ಊರಿಗೂರೇ ಬಿದ್ದೋಯ್ತಾ? ಭೂಕಂಪ ಏನಾದ್ರೂ..." ವಿಹಾನ್ ಕುರ್ಚಿ ಬಿಟ್ಟು ಎದ್ದ.

"ಬನ್ನಿ ಐತ್ರಿ ಸರ ಇವತ್ತು," ಎಂದಳು ಪಲ್ಲವಿ.

ಕಿರಣ ಆಗಲೇ ಒಬ್ಬೊಬ್ಬರನ್ನೇ ಮಾತಾಡಿಸತೊಡಗಿದ್ದ. "ಅಜ್ಜಾರ, ಬಿದ್ದೀರೇನ್ರಿ?"

"ಬಿದ್ದಿಲ್ಲೋ ತಮ್ಮಾ. ಕಾಕಾನ ಕಾಲು ಇನ್ನೊಂದು ಗೇಣು ದೂರ ಐತಿ. ಕೆಳಗ ಬಿಡೋದಾದ್ರ ಬಿಡು, ಮ್ಯಾಲೆ ಎಳಿಯೋದಾದ್ರ ಹಿಂಗ ನಿಂದರತೇನಿ."

ಊರಿನ ತುಂಬ ಅದೇ ಕಥೆ. ಪಡಸಾಲೆಗಳಲ್ಲಿ, ಕಟ್ಟೆಗಳ ಮೇಲೆ, ಎಪ್ಪತ್ತರವರು ತೊಂಬತ್ತರವರ ಮುಂದೆ ಅರ್ಧಕ್ಕೇ ಬಾಗಿ, ಕೈಯಲ್ಲಿ ಬನ್ನಿ ಎಲೆ ಹಿಡಿದು ನಿಂತುಬಿಟ್ಟಿದ್ದರು. ಹಿರಿಯರು ಪಾಪ, "ಸಾಕು ಏಳಪಾ, ಮುಟ್ಟಿತು" ಎಂದು ಗೋಗರೆಯುತ್ತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಕೆಲವೆಡೆ ನಗೆ, ಕೆಲವೆಡೆ ಬೈಗುಳ. ಕೇಂದ್ರದಲ್ಲಿ ಮಾತ್ರ ಯಾರೂ ನಗಲಿಲ್ಲ, ಏಕೆಂದರೆ ಪರದೆಯ ಮೂಲೆಯಲ್ಲಿದ್ದ ಪತನದ ಸಂಖ್ಯೆ ಕಣ್ಣೆದುರೇ ಏರಿ ಮಿತಿಯ ಗೆರೆ ದಾಟಿತ್ತು.

"ನನ್ ಕೈಲಿ ಏನೂ ಇಲ್ಲ ಮೇಡಂ," ಎಂದ ವಿಹಾನ್. ದನಿಯಲ್ಲಿ ನಿಜವಾದ ಬೇಸರವಿತ್ತು. "ಮಿತಿ ದಾಟಿದ್ರೆ ಆದೇಶ ತಾನಾಗೇ ತಯಾರಾಗುತ್ತೆ. ನಾಳೆ ಮಧ್ಯಾಹ್ನದೊಳ್ಗೆ ನಾನು ಕಳಿಸ್ಲೇಬೇಕು. ಇದು ನಮಸ್ಕಾರ, ಬೀಳೋದಲ್ಲ ಅಂತ ನಮ್ಗೆ ಗೊತ್ತು. ಯಂತ್ರಕ್ಕೆ ತೋರ್ಸೋದು ಹೇಗೆ? ಅದರ ಕಣ್ಣಿಗೆ ಎರಡೂ ಒಂದೇ."

ಪಲ್ಲವಿ ಬಿಗಿ ಬಿಡಿಸುವ ಕೆಲಸ ನಿಲ್ಲಿಸಲಿಲ್ಲ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಮನಸ್ಸಿನಲ್ಲಿ ಮಾತ್ರ, ನಾಳಿದ್ದು ವೈನಿಯನ್ನು ಯಾರೋ ಎತ್ತುತ್ತಾರೆ, ಅವರಿಗೆ ಬಲಗೈ ಮೊದಲು ಒಳಗೆ ಸರಿಸಬೇಕೆಂದು ಗೊತ್ತಿರುವುದಿಲ್ಲ ಎಂಬ ಒಂದೇ ಯೋಚನೆ.

ಅದೇ ಕೋಣೆಯ ಆಚೆ ತುದಿಯಲ್ಲಿ ಆರೋಗ್ಯ ಇಲಾಖೆಯ ಮೇಜೊಂದಿತ್ತು. ಎಂಬತ್ತು ದಾಟಿದವರೆಲ್ಲ ಎರಡೂ ಮುಂಗೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಲೆಕ್ಕ ಅಲ್ಲಿಗೆ ಬರುತ್ತಿತ್ತು. ನಾಡಿ, ಉಸಿರು, ತೋಳಿನ ಸ್ನಾಯುವಿನ ಎಳೆತ ಎಲ್ಲವೂ ಅದರಲ್ಲಿ ಸಿಗುತ್ತಿದ್ದವು. ಈ ಮೇಜಿಗೂ ಆ ಮೇಜಿಗೂ ಚಹದ ಸಂಬಂಧ ಬಿಟ್ಟರೆ ಬೇರೆ ಸಂಬಂಧವಿರಲಿಲ್ಲ. ಅಲ್ಲಿ ಕೂತಿದ್ದ ನರ್ಸಮ್ಮ ತಲೆ ಎತ್ತಿ, "ಪಲ್ಲವಿ, ನಿಮ್ಮ ಕಡೆ ಏನ್ ನಡದೈತಿ? ನಮ್ಮ ಅಜ್ಜಾ ಅಜ್ಜಿಗಳ ಎದಿಬಡಿತ ಎಲ್ಲಾ ಏರೇತಿ. ಕೈ ಬ್ಯಾರೆ ಎತ್ತಾಕತ್ತಾರ," ಎಂದಳು.

"ಎಲ್ಲೆಲ್ಲಿ?"

"ಬೆಟಗೇರ್ಯಾಗ ಸುರು ಆತು. ಈಗ ಎಲ್ಲಾ ಕಡೆ."

ಪಲ್ಲವಿ ಎದ್ದು ಹೋಗಿ ಆ ಪರದೆ ನೋಡಿದಳು. ಅವೇ ಓಣಿ, ಅವೇ ಮನೆ; ಒಬ್ಬೊಬ್ಬರ ಲೆಕ್ಕವೂ ಒಂದೊಂದು ಏರಿಳಿವ ಗೆರೆ. ಅವಳು ವಿಹಾನನನ್ನು ಕೂಗಿ ಕರೆದಳು. "ಸರ, ನಮ್ಮ ಗೆರಿ ಮ್ಯಾಲೆ ಇವರ ಗೆರಿ ಇಡಾಕ ಬರತದೇನ್ರಿ?"

ಬರುತ್ತಿತ್ತು. ಈವರೆಗೆ ಯಾರಿಗೂ ಹಾಗೆ ಇಟ್ಟು ನೋಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ವಿಹಾನ್ ಒಂದು ಮನೆಯ ಎರಡು ಗೆರೆಗಳನ್ನು ಒಂದರ ಮೇಲೊಂದು ತಂದ. ಒಂದು ಗೆರೆ ಬಗ್ಗುವವರ ತಲೆ ಇಳಿಯುವುದು. ಇನ್ನೊಂದು, ಎದುರಿಗಿನ ಹಿರಿಯರ ತೋಳು. ಪಲ್ಲವಿ, ವಿಹಾನ್ ಇಬ್ಬರೂ ಪರದೆಯ ಹತ್ತಿರ ಹೋಗಿ ನೋಡಿದರು. ತಲೆ ಇಳಿಯಲು ಶುರುವಾಗುವ ಮೊದಲೇ, ಕಣ್ಣು ಮಿಟುಕಿಸುವಷ್ಟು ಮೊದಲು, ತೋಳಿನ ಗೆರೆ ಮೇಲೇಳತೊಡಗಿತ್ತು. ಇನ್ನೊಂದು ಮನೆ ತೆಗೆದರು. ಅಲ್ಲೂ ಹಾಗೇ. ಆಮೇಲೆ ವಿಹಾನ್ ನಾಲ್ಕು ತಿಂಗಳಲ್ಲಿ ನಿಜವಾಗಿಯೂ ಜಾರಿ ಬಿದ್ದವರ ಗೆರೆಗಳನ್ನು ಹುಡುಕಿ ತಂದ. ಅವುಗಳ ಪಕ್ಕ ಬೇರೆ ಗೆರೆಯೇ ಇರಲಿಲ್ಲ, ಇದ್ದರೂ ಬಿದ್ದಮೇಲೆ ಗಾಬರಿಯಾಗಿ ಎದ್ದದ್ದು.

"ಹರಸೋ ಕೈ ಮೊದ್ಲೇ ಹೊರಡುತ್ತೆ," ಎಂದ ವಿಹಾನ್ ಮೆಲ್ಲಗೆ. "ಬಗ್ತಾರೆ ಅಂತ ಅವ್ರಿಗೆ ಮುಂಚೇನೇ ಗೊತ್ತಿರುತ್ತೆ ಅಲ್ವಾ. ನಾವು ಒಬ್ಬೊಬ್ರನ್ನೇ ನೋಡ್ತಾ ಕೂತಿದ್ವಿ ಮೇಡಂ."

ಪಲ್ಲವಿಗೆ ಕಣ್ಣು ತುಂಬಿ ಬಂತು. ನರ್ಸಮ್ಮನಿಗೂ ಅಷ್ಟೇ, ಆದರೆ ಅವಳು ಚಹ ತರುವ ನೆವ ಮಾಡಿ ಆಚೆ ಹೋದಳು.

ವಿಹಾನ್ ಕೂತು ಹೊಸ ನಿಯಮ ಬರೆದ. ಎದುರಿನ ಹಿರಿಯರ ತೋಳು ಮೊದಲು ಮಿಡಿದರೆ ಅಂಗಿ ಬಿಗಿಯಬಾರದು, ಬದಲಿಗೆ ಬೆನ್ನಿಗೆ ಆಸರೆ ಕೊಟ್ಟು ನಿಧಾನ ಇಳಿಸಿ ನಿಧಾನ ಏಳಿಸಬೇಕು. ಕಂಪನಿಯ ಹಿರಿಯರೊಂದಿಗೆ ಮಾತಾಡಿದ. ಅವರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಬೆಳಿಗ್ಗೆ ನಿಜವಾದ ಮನೆಯಲ್ಲಿ, ನಿಜವಾದ ಜೋಡಿಯ ಮೇಲೆ ಪರೀಕ್ಷೆಯಾಗಬೇಕು. ನಿಯಮ ತಪ್ಪಿದರೆ ತೊಟ್ಟವರು ನಿಜವಾಗಿಯೂ ಬೀಳಬಹುದಾದ್ದರಿಂದ, ಅಪಾಯ ಗೊತ್ತಿರುವ ಕೇಂದ್ರದ ಸಿಬ್ಬಂದಿಯೇ ಆಗಬೇಕು. ಪರೀಕ್ಷೆ ಗೆದ್ದರೆ ಸಂಜೆಯ ಪತನಗಳನ್ನೆಲ್ಲ ಅಳಿಸಲಾಗುವುದು. ಸೋತರೆ ಆದೇಶ ಹೋಗುವುದು.

ಎಪ್ಪತ್ತು ದಾಟಿ, ಅಂಗಿ ತೊಟ್ಟು, ಮನೆಯಲ್ಲಿ ಹಿರಿಯರಿರುವ ಸಿಬ್ಬಂದಿ ಒಬ್ಬಳೇ ಇದ್ದಳು.

"ನಮ್ಮ ವೈನಿ ಬಲಗೈ ಏಳೋದಿಲ್ರಿ ಸರ," ಎಂದಳು ಪಲ್ಲವಿ. "ಎಡಗೈಲೆ ಅವರು ಆಶೀರ್ವಾದ ಮಾಡಂಗಿಲ್ಲ. ಹಟ ಅಂದ್ರ ಹಟ."

ವಿಹಾನ್ ಪರೀಕ್ಷೆಯ ಕಾಗದದಲ್ಲಿ ಅವಳ ಹೆಸರನ್ನೇ ಬರೆದ. ಬೇರೆ ಜೋಡಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರಿಬ್ಬರೂ ಪಲ್ಲವಿಯ ಮನೆಗೆ ಬಂದಾಗ ಪಕ್ಕದ ಮನೆಯ ಸವಿತಾ ತನ್ನ ಕಸುವಂಗಿ ತೊಟ್ಟು ಬಂದು, ವೈನಿಯನ್ನು ಕಿಟಕಿಯ ಹತ್ತಿರ ಕೂರಿಸಿ ತಲೆ ಬಾಚಿ ಹೋಗಿದ್ದಳು. ಕಿವಿಗೊಂದು ಬನ್ನಿ ಎಲೆ ಸಿಕ್ಕಿಸಿಕೊಂಡು ವೈನಿ ಬಿಸಿಲಲ್ಲಿದ್ದರು.

"ಯಾರವಾ ಈ ಹುಡುಗ?"

"ನಮ್ಮ ಆಫೀಸಿನವರ್ರಿ, ಮೈಸೂರಿನವರು. ಬನ್ನಿ ಕೊಡಾಕ ಬಂದಾರ."

"ಬಾರಪಾ. ಕೂಡು. ಎಷ್ಟ ದೂರಿಂದ ಬಂದೀಯೋ ಏನೋ."

ವಿಹಾನ್ ಗೋಡೆ ಬದಿಯ ಸ್ಟೂಲಿನ ಮೇಲೆ ಕೂತು ಕೈಯಲ್ಲಿನ ಪರದೆ ತೆರೆದ. ಪಲ್ಲವಿ ವೈನಿಗೆ ಏನೂ ಹೇಳಲಿಲ್ಲ. ಹೇಳಿದರೆ ಪರೀಕ್ಷೆ ಪರೀಕ್ಷೆಯಾಗಿ ಉಳಿಯುವುದಿಲ್ಲ. ಬನ್ನಿ ಎಲೆ ಹಿಡಿದು ಎದುರಿಗೆ ನಿಂತಳು. ವೈನಿಯ ಮುಖ ನೋಡಿದ್ದೇ ಪರೀಕ್ಷೆ, ಆದೇಶ, ಮಿತಿ ಎಲ್ಲ ಮರೆತುಹೋಯಿತು. ಈ ಸೊಂಟದ ಮೇಲೆ ತಾನು ಬೆಳೆದೆ. ಹತ್ತೊಂಬತ್ತರ ಹುಡುಗಿ, ಇನ್ನೊಬ್ಬಳ ಕೂಸು. ಬೇಡ ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಎಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

"ವೈನಿ, ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ," ಎಂದಳು. "ನೀವು ನನ್ನ ಎತ್ತಿಕೊಂಡ್ರಿ. ಅದಕ್ಕ ನಾ ಅದೇನಿ."

ಮತ್ತು ಬಗ್ಗಿದಳು.

ವೈನಿಯ ಕೈ ಏಳಲಿಲ್ಲ. ಬಲಗೈ ತೊಡೆಯ ಮೇಲೆ ಹೇಗೆ ಬಿದ್ದಿತ್ತೋ ಹಾಗೇ ಬಿದ್ದಿತ್ತು. ಪಲ್ಲವಿ ಅದನ್ನು ನೋಡುತ್ತಲೇ ಕೆಳಗಿಳಿದಳು, ಅಂಗಿ ಈಗ ಬಿಗಿಯುತ್ತದೆ, ಈಗ ಬಿಗಿಯುತ್ತದೆ ಎಂದು ಉಸಿರು ಹಿಡಿದಳು. ಬೆನ್ನ ಮೇಲಿನ ಪಟ್ಟಿಗಳು ಒಮ್ಮೆ ಮಿಸುಕಿದವು. ಆಮೇಲೆ ಯಾರೋ ಸೊಂಟಕ್ಕೆ ಕೈ ಕೊಟ್ಟು ಹಿಡಿದಂತೆ ಹಗುರಾಗಿ, ನಿಧಾನವಾಗಿ, ಅವಳನ್ನು ಪೂರ್ತಿ ಕೆಳಗೆ ಇಳಿಸಿದವು. ಬೆರಳು ವೈನಿಯ ಪಾದಕ್ಕೆ ತಾಗಿತು. ಪಾದ ತಣ್ಣಗಿತ್ತು, ಹಿಮ್ಮಡಿ ಒಡೆದಿತ್ತು. ನಮಸ್ಕಾರಕ್ಕೆಂದು ಹತ್ತು ವರ್ಷದ ಮೇಲೆ ಮುಟ್ಟಿದ್ದಳು.

ಅವಳು ಅಲ್ಲೇ ಕೂತು ಆ ನಿಶ್ಶಕ್ತ ಬಲಗೈಯನ್ನು ತಾನೇ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. ಕೂದಲಿನಲ್ಲಿ ಬೆರಳುಗಳು ತುಸುವೇ ಅಲುಗಿದವು.

"ತಲೀಗೆ ಎಣ್ಣಿ ಹಚ್ಚಿಲ್ಲಲ್ಲ," ಎಂದರು ವೈನಿ. "ಹಬ್ಬದಾಗ ಒಣ ತಲಿ ಬಿಟಗೊಂಡು ತಿರಗೀದಿ."

ವಿಹಾನ್ ಎದ್ದು ಬಂದು ಪರದೆಯನ್ನು ಪಲ್ಲವಿಗೆ ತೋರಿಸಿದ. ಎರಡು ಗೆರೆಗಳಿದ್ದವು. ಅವಳ ತಲೆ ಇಳಿಯುವುದಕ್ಕೂ ಮುನ್ನ, ವೈನಿಯ ಬಲ ಮುಂಗೈಯ ಗೆರೆ ಪುಟ್ಟದಾಗಿ, ಸ್ಪಷ್ಟವಾಗಿ ಮೇಲೆದ್ದಿತ್ತು.

"ಕೈ ಏಳ್ಲಿಲ್ಲ ಮೇಡಂ, ನಾನೂ ನೋಡ್ತಿದ್ದೆ. ಆದ್ರೆ ಏಳ್ಬೇಕು ಅಂತ ಅವ್ರು ಸ್ನಾಯು ಎಳೆದಿದಾರೆ. ಮುಂಗೈ ಪಟ್ಟಿಗೆ ಅಷ್ಟು ಸಾಕಾಯ್ತು." ಅವನು ಪರದೆ ಮುಚ್ಚಿದ. "ಆದೇಶ ಹೋಗಲ್ಲ. ನೆನ್ನೇದೆಲ್ಲ ಅಳಿಸ್ತಾರೆ. ಅಂಗಿ ನಿಮ್ಮತ್ರಾನೇ ಇರುತ್ತೆ."

ಎಂದವನು ತಾನೂ ವೈನಿಯ ಕಾಲಿಗೆ ಬಗ್ಗಿದ. ಅಂಗಿಯಿಲ್ಲದ ಐವತ್ತೈದರ ಸೊಂಟ ಅರ್ಧ ದಾರಿಯಲ್ಲೇ ಹಿಡಿದುಕೊಂಡಿತು. ಪಲ್ಲವಿ ಅವನ ಕಂಕುಳಿಗೆ ಕೈ ಕೊಟ್ಟು ನೆಟ್ಟಗೆ ನಿಲ್ಲಿಸಬೇಕಾಯಿತು.

ವೈನಿ ಇಬ್ಬರನ್ನೂ ನೋಡಿದರು. ಆಮೇಲೆ ಏನೂ ಆಗದವರ ಹಾಗೆ, "ಹಂಗಾರ ಮಂಚದ ಕೆಳಗ ನನ್ನ ಚೀಲ ಐತಿ ನೋಡು. ತಗದು ಸಾಮಾನು ಒಳಗ ಇಡು," ಎಂದರು.

ಪಲ್ಲವಿ ಮಂಚದ ಕೆಳಗಿನಿಂದ ಚೀಲ ಎಳೆದಳು. ಎರಡು ಹತ್ತಿ ಸೀರೆ, ಒಂದು ಶಾಲು, ಹಲ್ಲಿನ ಡಬ್ಬಿ, ಗುಳಿಗೆಗಳು. ಎಲ್ಲ ಅಚ್ಚುಕಟ್ಟಾಗಿ ಮಡಚಿ ಇಟ್ಟದ್ದು. ತಳದಲ್ಲಿ ದೊಡ್ಡ ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ.

"ನಿಮಗ ಗೊತ್ತಿತ್ತೇನ್ರಿ?"

"ಊರ ಮಂದಿಗೆಲ್ಲಾ ಗೊತ್ತಿದ್ದದ್ದು ನನಗ ಗೊತ್ತಿರಬಾರದೇನು? ನೀ ಹೇಳ್ದಿ ಅಂದ್ರ ಅಳತಿ. ಅದಕ್ಕ ನಾನೂ ಕೇಳಲಿಲ್ಲ. ಆ ಭವನದಾಗ ಊಟ ಸಪ್ಪಗ ಇರತದಂತ, ಸವಿತಾಗ ಹೇಳಿ ಚೀಲ ಕಟ್ಟಿಸಿ ಪುಡಿ ಕುಟ್ಟಿಸಿಟ್ಟೆ."

ಪಲ್ಲವಿ ಅತ್ತಳು, ವೈನಿ ಹೇಳಿದ ಹಾಗೆಯೇ. ಆಮೇಲೆ ಮುಖ ತೊಳೆದು ಬಂದು ರೊಟ್ಟಿ ಬಿಸಿ ಮಾಡಿದಳು. ಮೂವರೂ ಕಿಟಕಿಯ ಬಿಸಿಲಿನಲ್ಲಿ ಕೂತರು. ವಿಹಾನ್ ಮೊದಲ ತುತ್ತಿಗೇ ಖಾರ ನೆತ್ತಿಗೇರಿ ನೀರು ಕುಡಿದ, ಆದರೂ ಬಿಡಲಿಲ್ಲ. ವೈನಿ ಎಡಗೈಯಿಂದ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಪಲ್ಲವಿಯ ತಾಟಿಗೆ ಇನ್ನೊಂದು ಚಮಚ ಪುಡಿ ಸುರಿದರು.

"ತಿನ್ನು," ಎಂದರು. "ಇದೆಲ್ಲಾ ಈಗ ನಾವ ಇಲ್ಲೇ ಕುಂತು ಮುಗಸಬೇಕಲ್ಲ."